'ಗೌಪ್ಯ' ಮೊಹರು ಯಾರನ್ನು ಕಾಯುತ್ತದೆ?

ನಮ್ಮಪ್ಪ ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತರಾಗಿದ್ದರು. ಶಾಲೆ ಬಿಟ್ಟ ಮೇಲೆ ಎಷ್ಟೋ ದಿನ ನಾನು ಅಲ್ಲೇ ಹೋಗಿ ಕೂರುತ್ತಿದ್ದೆ. ಅವರ ಮೇಜಿನ ಡ್ರಾಯರ್‌ನಲ್ಲಿ ಮರದ ಹಿಡಿಯ ಒಂದು ರಬ್ಬರ್ ಸ್ಟಾಂಪ್ ಇತ್ತು. ನೇರಳೆ ಇಂಕಿನ ಪ್ಯಾಡಿಗೆ ಒತ್ತಿ ಕಾಗದದ ಮೇಲೆ ಕುಟ್ಟಿದರೆ 'ಗೌಪ್ಯ' ಅಂತ ಮೂಡುತ್ತಿತ್ತು. ಒಂದು ಸಲ ನನ್ನ ಲೆಕ್ಕದ ಪುಸ್ತಕದ ತುಂಬಾ ಒತ್ತಿ ಬೈಸಿಕೊಂಡಿದ್ದೆ. "ಇದನ್ನ ಯಾವುದಕ್ಕೆ ಹಾಕ್ತಾರಪ್ಪಾ?" ಅಂತ ಕೇಳಿದೆ. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹೊರಗೆ ಹೋದ್ರೆ ಸಾಹೇಬ್ರಿಗೆ ಕಷ್ಟ ಆಗೋ ಕಾಗದಕ್ಕೆ" ಅಂದರು. ಆ ವಾರ ಮೊಹರು ಬಿದ್ದದ್ದು ನಮ್ಮೂರ ಕೆರೆ ಏರಿ ಒಡೆದದ್ದರ ತನಿಖಾ ವರದಿಗೆ.

ಪತ್ರಕರ್ತರು ಸರ್ಕಾರದ ರಹಸ್ಯ ಕಾಗದ ಪ್ರಕಟಿಸಿದಾಗಲೆಲ್ಲ ನನಗೆ ಆ ಮೊಹರು ನೆನಪಾಗುತ್ತದೆ. 2019ರ ಫೆಬ್ರವರಿಯಲ್ಲಿ 'ದಿ ಹಿಂದೂ' ಪತ್ರಿಕೆಯಲ್ಲಿ ಎನ್. ರಾಮ್ ರಫೇಲ್ ಯುದ್ಧವಿಮಾನ ಖರೀದಿಯ ದಾಖಲೆಗಳನ್ನು ಹೊರತಂದರು. ರಕ್ಷಣಾ ಸಚಿವಾಲಯ ಫ್ರಾನ್ಸ್ ಜೊತೆ ಮಾತುಕತೆ ನಡೆಸುತ್ತಿರುವಾಗಲೇ ಪ್ರಧಾನಿ ಕಚೇರಿಯೂ ಬೇರೆಯಾಗಿ ಮಾತಾಡುತ್ತಿದೆ ಅಂತ ಸಚಿವಾಲಯದ ಅಧಿಕಾರಿಗಳೇ ಆಕ್ಷೇಪ ಬರೆದಿದ್ದ ಟಿಪ್ಪಣಿ ಅದರಲ್ಲಿತ್ತು. ಮಾರ್ಚ್ 6ರಂದು ಅಟಾರ್ನಿ ಜನರಲ್ ಕೆ.ಕೆ. ವೇಣುಗೋಪಾಲ್ ಸುಪ್ರೀಂ ಕೋರ್ಟಿನಲ್ಲಿ ಈ ಕಾಗದಗಳು ಕಳುವಾಗಿವೆ ಎಂದರು. ಸರ್ಕಾರದ ಗುಟ್ಟು ಹೊರಹಾಕಿದವರನ್ನು ಶಿಕ್ಷಿಸುವ ಅಧಿಕೃತ ರಹಸ್ಯ ಕಾಯ್ದೆಯ ಮಾತೂ ಬಂತು. ಎರಡು ದಿನ ಬಿಟ್ಟು, ಕಳುವಾಗಿಲ್ಲ, ಅವು ನಕಲು ಪ್ರತಿಗಳು ಅಂತ ಸ್ಪಷ್ಟನೆ ಕೊಟ್ಟರು.

ಆಗ ನನ್ನ ಗೆಳೆಯರಲ್ಲೇ ಎಷ್ಟೋ ಜನ "ಕದ್ದ ಕಾಗದ ಅಚ್ಚು ಹಾಕೋದು ತಪ್ಪಲ್ವಾ?" ಅಂತ ವಾದ ಮಾಡಿದರು. ಕಾಗದದಲ್ಲಿ ಏನಿದೆ ಅಂತ ಅವರಲ್ಲಿ ಒಬ್ಬರೂ ಕೇಳಲಿಲ್ಲ. ನನಗೆ ಜಾಸ್ತಿ ಬೇಜಾರಾದದ್ದು ಇದಕ್ಕೇ. ಆ ವಿಮಾನಗಳಿಗೆ ದುಡ್ಡು ಕೊಟ್ಟವರು ನಾವು.

ಈ ಕಾಗದಗಳನ್ನು ಕೋರ್ಟು ನೋಡಲೇಬಾರದು ಎಂಬ ಸರ್ಕಾರದ ಆಕ್ಷೇಪವನ್ನು ಏಪ್ರಿಲ್ 10ರಂದು ಕೋರ್ಟು ತಳ್ಳಿಹಾಕಿತು. ಇಂಥ ದಾಖಲೆ ಪ್ರಕಟಿಸದಂತೆ ತಡೆಯುವ ಕಾನೂನನ್ನು ಸಂಸತ್ತು ಮಾಡಿಲ್ಲ ಎಂದಿತು. ವಿಯೆಟ್ನಾಂ ಯುದ್ಧದ ರಹಸ್ಯ ದಾಖಲೆಗಳನ್ನು ಪತ್ರಿಕೆಗಳು ಪ್ರಕಟಿಸಬಹುದು ಎಂದ ಅಮೆರಿಕದ ಪೆಂಟಗನ್ ಪೇಪರ್ಸ್ ತೀರ್ಪನ್ನೂ ನೆನೆಯಿತು. ಮುಂದೆ ನವೆಂಬರ್‌ನಲ್ಲಿ, ಖರೀದಿಯ ತನಿಖೆ ಆಗಲಿ ಎಂದಿದ್ದ ಮರುಪರಿಶೀಲನಾ ಅರ್ಜಿಗಳು ವಜಾ ಆದವು, ನಿಜ. ಆದರೂ ಆ ಕಾಗದಗಳನ್ನು ಓದಿದ ಮೇಲೇ ಕೋರ್ಟು ಹಾಗೆ ಹೇಳಿದ್ದು. ಓದದೆ ಹೇಳಿದ್ದರೆ ನಾನು ಒಪ್ಪುತ್ತಿರಲಿಲ್ಲ.

ಎಲ್ಲರಿಗೂ ಇಂಥ ಅದೃಷ್ಟ ಇರುವುದಿಲ್ಲ. 2002ರ ಜೂನ್‌ನಲ್ಲಿ ದೆಹಲಿಯಲ್ಲಿ ಪತ್ರಕರ್ತ ಇಫ್ತಿಕಾರ್ ಗಿಲಾನಿ ಅವರನ್ನು ಇದೇ ಕಾಯ್ದೆಯಡಿ ಬಂಧಿಸಿದರು. ಅವರ ಕಂಪ್ಯೂಟರಿನಲ್ಲಿ ಸಿಕ್ಕಿದ್ದು ಕಾಶ್ಮೀರದಲ್ಲಿನ ಸೇನೆಯ ಬಗ್ಗೆ ಪಾಕಿಸ್ತಾನದ ಒಂದು ಸಂಸ್ಥೆ ಮೊದಲೇ ಪ್ರಕಟಿಸಿದ್ದ ಬರಹ. ಇಂಟರ್ನೆಟ್ಟಿನಲ್ಲಿ ಯಾರು ಬೇಕಾದರೂ ಓದಬಹುದಿತ್ತು. ಸೇನೆಯ ಗುಪ್ತಚರ ವಿಭಾಗ ಮೊದಲು ಅಪಾಯಕಾರಿ ಎಂದಿತು, ಆಮೇಲೆ ಅದಕ್ಕೆ ಅಂಥ ಮಹತ್ವ ಏನಿಲ್ಲ ಎಂದಿತು. ಕೊನೆಗೆ ಬಿಡುಗಡೆಯಾಗುವ ಹೊತ್ತಿಗೆ ಅವರು ತಿಹಾರ್ ಜೈಲಿನಲ್ಲಿ ಏಳು ತಿಂಗಳು ಕಳೆದಿದ್ದರು. ಸರ್ಕಾರ ಕೇಸು ವಾಪಸ್ ತೆಗೆದುಕೊಂಡಿತು. ಆ ಏಳು ತಿಂಗಳನ್ನು ಯಾರು ವಾಪಸ್ ಕೊಡುತ್ತಾರೆ?

ಸಂತನು ಸೈಕಿಯಾ 1999ರಲ್ಲಿ ಸರ್ಕಾರಿ ಷೇರು ಮಾರಾಟದ ಬಗೆಗಿನ ಕ್ಯಾಬಿನೆಟ್ ಟಿಪ್ಪಣಿಯೊಂದನ್ನು ಪತ್ರಿಕೆಯಲ್ಲಿ ಬರೆದರು. ಸುಮ್ನೆ 'ಸೀಕ್ರೆಟ್' ಅಂತ ಬರೆದ ಮಾತ್ರಕ್ಕೆ ಪತ್ರಕರ್ತ ಅಪರಾಧಿ ಆಗುವುದಿಲ್ಲ ಅಂತ ದೆಹಲಿಯ ನ್ಯಾಯಾಲಯ ಅವರನ್ನು ಬಿಟ್ಟದ್ದು 2009ರಲ್ಲಿ.

ಈ ಕಾಯ್ದೆ 1923ರದ್ದು. ಬ್ರಿಟಿಷರು ನಮ್ಮ ಮೇಲೆ ಕಣ್ಣಿಡಲು ಮಾಡಿದ್ದು. 'ರಹಸ್ಯ' ಅಂದರೆ ಏನು ಅಂತ ಅದರಲ್ಲಿ ಎಲ್ಲೂ ವಿವರಿಸಿಲ್ಲ. ಕಾಗದ ಕೊಟ್ಟವರ ಜೊತೆಗೆ ತೆಗೆದುಕೊಂಡವರೂ ಸಿಕ್ಕಿಬೀಳುತ್ತಾರೆ. 2006ರಲ್ಲಿ ನಮ್ಮವರೇ ಆದ ವೀರಪ್ಪ ಮೊಯಿಲಿ ಅಧ್ಯಕ್ಷತೆಯ ಎರಡನೇ ಆಡಳಿತ ಸುಧಾರಣಾ ಆಯೋಗ, ಇದನ್ನು ರದ್ದು ಮಾಡಿ, ಬೇಕಾದಷ್ಟನ್ನು ಮಾತ್ರ ರಾಷ್ಟ್ರೀಯ ಭದ್ರತಾ ಕಾಯ್ದೆಯಲ್ಲಿ ಸೇರಿಸಿ ಎಂದಿತ್ತು. ಯಾವ ಪಕ್ಷದ ಸರ್ಕಾರವೂ ಮಾಡಲಿಲ್ಲ.

ಹಾಗಂತ ಸಿಕ್ಕಿದ್ದನ್ನೆಲ್ಲ ಹೊರಹಾಕಿ ಅಂತ ನಾನು ಹೇಳುತ್ತಿಲ್ಲ. 2008ರ ಮುಂಬೈ ದಾಳಿಯಲ್ಲಿ ಕಮಾಂಡೋಗಳ ಕಾರ್ಯಾಚರಣೆಯನ್ನು ಟಿವಿಗಳು ನೇರವಾಗಿ ತೋರಿಸಿದವು. ಪಾಕಿಸ್ತಾನದಲ್ಲಿ ಕೂತವರು ಅದನ್ನೇ ನೋಡಿ ಉಗ್ರರಿಗೆ ಫೋನಿನಲ್ಲಿ ಸೂಚನೆ ಕೊಟ್ಟರು. ಕಸಬ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟು ಚಾನೆಲ್‌ಗಳನ್ನು ತರಾಟೆಗೆ ತೆಗೆದುಕೊಂಡಿದ್ದು ನೂರಕ್ಕೆ ನೂರು ಸರಿ. 2011ರಲ್ಲಿ ವಿಕಿಲೀಕ್ಸ್ ಎರಡೂವರೆ ಲಕ್ಷ ರಾಜತಾಂತ್ರಿಕ ಪತ್ರಗಳನ್ನು ಹೆಸರುಗಳನ್ನೂ ಅಳಿಸದೆ ಹಾಕಿದಾಗ, ಅದರ ಜೊತೆ ಕೆಲಸ ಮಾಡಿದ್ದ ಪತ್ರಿಕೆಗಳೇ ಖಂಡಿಸಿದವು. ಅದೂ ಸರಿ. ಸೈನಿಕ ಎಲ್ಲಿದ್ದಾನೆ, ಮಾಹಿತಿ ಕೊಟ್ಟವನ ಹೆಸರೇನು, ಇವು ಬರೆಯುವಂಥವಲ್ಲ. ಖರೀದಿ ಮಾತುಕತೆಗೆ ಅಧಿಕಾರಿ ಬರೆದ ಆಕ್ಷೇಪದಿಂದ ಯಾವ ಸೈನಿಕನಿಗೆ ಏನಾಗುತ್ತದೆ?

ಪೆಂಟಗನ್ ಪೇಪರ್ಸ್ ಹೊರಗೆ ತಂದ ಡೇನಿಯಲ್ ಎಲ್ಸ್‌ಬರ್ಗ್, ವಿಯೆಟ್ನಾಂ ಯುದ್ಧದ ಆ 7,000 ಪುಟಗಳನ್ನು ರಾತ್ರಿ ಹೊತ್ತು ಜೆರಾಕ್ಸ್ ಮಾಡುವಾಗ ಮಕ್ಕಳೂ ಜೊತೆಗಿದ್ದರು. ಹತ್ತು ವರ್ಷದ ಮಗಳು ಕತ್ತರಿ ಹಿಡಿದು ಪುಟಗಳ 'ಟಾಪ್ ಸೀಕ್ರೆಟ್' ಗುರುತು ಕತ್ತರಿಸಿದಳು. 1971ರಲ್ಲಿ ಅದನ್ನು ತಡೆಯಲು ಸರ್ಕಾರದ ಪರ ವಾದಿಸಿದ್ದ ವಕೀಲ ಎರ್ವಿನ್ ಗ್ರಿಸ್ವಾಲ್ಡ್, 1989ರಲ್ಲಿ ತಾವೇ ಲೇಖನ ಬರೆದು, ಆ ಪ್ರಕಟಣೆಯಿಂದ ದೇಶದ ಭದ್ರತೆಗೆ ಧಕ್ಕೆಯಾದ ಸುಳಿವೇ ಕಂಡಿಲ್ಲ ಎಂದರು.

ನಮ್ಮೂರ ಕೆರೆ ಒಡೆದಾಗ ನಲವತ್ತು ಮನೆಯವರ ಗದ್ದೆಗೆ ಮರಳು ತುಂಬಿತ್ತು. ಪರಿಹಾರ ಕೇಳಲು ಹೋದವರಿಗೆ ವರದಿ ಗೌಪ್ಯ ಅಂದರು. ಅದರಲ್ಲಿ ಏನಿತ್ತು ಅಂತ ಅಪ್ಪನಿಗೆ ಗೊತ್ತಿತ್ತು. ಅವರೇ ಟೈಪ್ ಮಾಡಿದ್ದು. ನಿವೃತ್ತಿ ಆದ ಮೇಲೂ ಬಾಯಿ ಬಿಡಲಿಲ್ಲ, ಪಿಂಚಣಿ ನಿಂತೀತು ಅನ್ನೋ ಭಯ. ಅಪ್ಪ ಹೋಗಿ ಮೂರು ವರ್ಷವಾಯಿತು. ಹೋದ ತಿಂಗಳು ಹತ್ತು ರೂಪಾಯಿ ಪೋಸ್ಟಲ್ ಆರ್ಡರ್ ಇಟ್ಟು, ಆ ವರದಿಯ ಪ್ರತಿ ಕೊಡಿ ಅಂತ ಆರ್‌ಟಿಐ ಅರ್ಜಿ ಹಾಕಿದ್ದೇನೆ. ಉತ್ತರ ಬಂದ ದಿನ ಇಲ್ಲೇ ಹಾಕುತ್ತೇನೆ.