ದೆವ್ವವಾದರೂ ಮರುದಿನ ಬರುತ್ತಿತ್ತು

ತೊಂಬತ್ತರ ದಶಕದಲ್ಲಿ ಬೆಂಗಳೂರಿನ ಮನೆ ಬಾಗಿಲುಗಳ ಮೇಲೆ ‘ನಾಳೆ ಬಾ’ ಎಂದು ಬರೆದಿರುತ್ತಿದ್ದರು, ನೆನಪಿದೆಯಾ? ರಾತ್ರಿ ದೆವ್ವ ಬಂದು ಬಾಗಿಲು ತಟ್ಟುತ್ತದೆ, ಬರಹ ಓದಿ ವಾಪಸು ಹೋಗುತ್ತದೆ, ಮರುದಿನ ಬಂದು ಮತ್ತೆ ಅದನ್ನೇ ಓದುತ್ತದೆ ಅಂತ ಪುಕಾರು. ಆ ದೆವ್ವದ ದಡ್ಡತನಕ್ಕೆ ಆಗ ನಾವೆಲ್ಲ ನಕ್ಕಿದ್ದೇ ನಕ್ಕಿದ್ದು. ಅದರ ಶಿಸ್ತು ಎಷ್ಟು ದೊಡ್ಡದು ಅಂತ ನನಗೆ ಹೊಳೆದದ್ದು 2025ರಲ್ಲಿ, ಮನೆ ರಿಪೇರಿಗೆ ಒಬ್ಬ ಕಾಂಟ್ರಾಕ್ಟರನ್ನು ಹಿಡಿದ ಮೇಲೆ.

ಅಪ್ಪ ಕಟ್ಟಿಸಿದ ಹಳೇ ಮನೆ ಅದು. ಮೂವತ್ತು ನಲವತ್ತರ ಸೈಟು. ಕೆಳಗೊಂದು ಮೇಲೊಂದು ಪೋರ್ಷನ್ ಮಾಡಿ ಬಾಡಿಗೆಗೆ ಬಿಟ್ಟರೆ ಬ್ಯಾಂಕಿನ ಕಂತು ತನ್ನಷ್ಟಕ್ಕೆ ಕಟ್ಟಿಕೊಂಡು ಹೋಗುತ್ತದೆ ಅಂತ ಭಾವಮೈದ ಲೆಕ್ಕ ಹಾಕಿಕೊಟ್ಟ. ‘ಇದು ಖರ್ಚಲ್ಲ ಭಾವ, ಇನ್ವೆಸ್ಟ್‌ಮೆಂಟು’ ಅಂದ. ಅವನು ಲೆಕ್ಕದಲ್ಲಿ ಭಾರಿ ಜಾಣ. ಇಪ್ಪತ್ತು ವರ್ಷದಿಂದ ಬಾಡಿಗೆ ಮನೆಯಲ್ಲಿದ್ದಾನೆ.

ಕಾಂಟ್ರಾಕ್ಟರ್ ಬಂದ. ಗೋಡೆ ತಟ್ಟಿ ನೋಡಿದ, ನಾಡಿ ಹಿಡಿದ ವೈದ್ಯನ ಹಾಗೆ ತಲೆ ಆಡಿಸಿದ. ಟೀಪಾಯಿ ಮೇಲಿದ್ದ ಲಗ್ನಪತ್ರಿಕೆಯ ಬೆನ್ನಿಗೆ ಎಸ್ಟಿಮೇಟ್ ಬರೆದ. ನಮ್ಮಿಬ್ಬರ ಮಧ್ಯೆ ಇರುವ ಒಪ್ಪಂದ ಪತ್ರ ಅದೊಂದೇ. ಮುಂದೆ ವಧೂವರರ ಹೆಸರು, ಹಿಂದೆ ಕಬ್ಬಿಣ, ಸಿಮೆಂಟು, ಎಂ ಸ್ಯಾಂಡು. ಕೊನೆಗೆ ‘ಆಷಾಢದೊಳಗೆ ಕೀ ಕೈಗೆ ಕೊಡ್ತೀನಿ ಸಾರ್’ ಅಂದ. ಯಾವ ವರ್ಷದ ಆಷಾಢ ಅಂತ ನಾನು ಕೇಳಲಿಲ್ಲ. ತಪ್ಪು ನನ್ನದೇ.

ಅಡ್ವಾನ್ಸ್ ಕೊಟ್ಟ ಮರುದಿನ ಆರು ಜನ ಬಂದರು. ಎರಡೇ ದಿನದಲ್ಲಿ ಅಡುಗೆಮನೆ, ಬಚ್ಚಲು, ನಡುಗೋಡೆ ಎಲ್ಲ ನೆಲಸಮ. ಎಂಥ ಉತ್ಸಾಹ! ನಾನೇ ಟೀ ಕಾಯಿಸಿ ಕೊಟ್ಟೆ. ಒಂದು ಗುಟ್ಟು ಹೇಳುತ್ತೇನೆ ಕೇಳಿ. ಒಡೆಯುವ ಕೆಲಸ ಎಂದಿಗೂ ತಡವಾಗುವುದಿಲ್ಲ. ಬಚ್ಚಲೇ ಇಲ್ಲದ ಮನೆಯ ಯಜಮಾನ ಬೇರೆ ಕಾಂಟ್ರಾಕ್ಟರನ್ನು ಹುಡುಕಿಕೊಂಡು ಎಲ್ಲಿಗೆ ಹೋಗುತ್ತಾನೆ? ಹೋದರೂ ಹೊಸಬ ಬಂದು ಮೂಗು ಮುರಿದು, ‘ಬೇರೆಯವರು ಕೈ ಹಾಕಿದ ಕೆಲಸ ನಾವು ಮುಟ್ಟಲ್ಲ ಸಾರ್’ ಅನ್ನುತ್ತಾನೆ.

ಆಮೇಲೆ ಶುರುವಾಯಿತು ಪಂಚಾಂಗ. ಸೆಂಟ್ರಿಂಗ್ ಹುಡುಗರು ಯಾದಗಿರಿಗೆ ಜಾತ್ರೆಗೆ ಹೋದರು. ಮಳೆ ಬಂತು. ಮಳೆ ನಿಂತಾಗ ಟೈಲ್ಸಿನವನಿಗೆ ಜ್ವರ ಬಂತು. ಆಷಾಢ ಬಂದಾಗ, ‘ಆಷಾಢದಲ್ಲಿ ಯಾರಾದರೂ ಬಾಗಿಲು ಕೂರಿಸ್ತಾರಾ ಸಾರ್’ ಅಂತ ನನಗೇ ಬುದ್ಧಿ ಹೇಳಿದ. ಒಂದು ದಿನ ಸೈಟಿನ ಮರಳು ಗುಡ್ಡೆ ಮೇಲೆ ಕೂತು ಅವನಿಗೆ ಫೋನ್ ಮಾಡಿದೆ.

‘ಎಲ್ಲಿದ್ದೀರಾ?’

‘ನಿಮ್ಮ ಸೈಟಲ್ಲೇ ಸಾರ್. ಕೆಲಸ ನಡೀತಾ ಇದೆ.’

ಸುತ್ತ ನೋಡಿದೆ. ಒಂದು ನಾಯಿ ಇತ್ತು. ಮರಿ ಹಾಕಿತ್ತು. ಒಂದು ಲೆಕ್ಕದಲ್ಲಿ ಕೆಲಸ ನಡೆದಿತ್ತು.

ನನ್ನ ಅಡ್ವಾನ್ಸ್ ಎಲ್ಲಿಗೆ ಹೋಯಿತು ಅಂತ ಆಮೇಲೆ ಗೊತ್ತಾಯಿತು. ಅದು ಇನ್ಯಾರದೋ ಮನೆಯ ಗ್ರಾನೈಟ್ ಆಗಿತ್ತು. ಅವರ ಅಡ್ವಾನ್ಸ್ ಅವರಿಗಿಂತ ಮುಂಚಿನವರ ಮನೆಯ ಮೋಲ್ಡ್ ಆಗಿತ್ತು. ನನ್ನ ಮನೆ ಮುಗಿಯಬೇಕಾದರೆ ಇನ್ನೊಬ್ಬ ಪಾಪದವನಿಗೆ ಅವನ ಭಾವಮೈದ ಲೆಕ್ಕ ಹಾಕಿಕೊಡಬೇಕು.

ಮಧ್ಯೆ ಒಮ್ಮೆ ಇಬ್ಬರು ಬಂದು ಒಂದೇ ಒಂದು ಗೋಡೆಗೆ ಪ್ಲಾಸ್ಟರ್ ಮಾಡಿ ಹೋದರು. ‘ಏಳು ದಿನ ಚೆನ್ನಾಗಿ ನೀರು ಹೊಡೀರಿ ಸಾರ್, ಕ್ಯೂರಿಂಗ್ ಮುಖ್ಯ’ ಅಂದರು. ಏಳು ದಿನ ಕಳೆದು ಏನು ಮಾಡಬೇಕು ಅಂತ ಹೇಳುವವರು ಬರಲಿಲ್ಲ. ಸುಮ್ನೆ ಹೊಡೆಯುತ್ತಲೇ ಇದ್ದೇನೆ. ಮೂಲೆಯಲ್ಲಿ ಅರಳಿ ಗಿಡ ಚಿಗುರಿದೆ. ಇನ್ನೂ ಸ್ವಲ್ಪ ದಿನ ಬಿಟ್ಟರೆ ಕಟ್ಟೆ ಕಟ್ಟಿಸಿ ನಾಗರ ಕಲ್ಲು ಇಡಬಹುದು, ಅದಕ್ಕೂ ಕಾಂಟ್ರಾಕ್ಟರ್ ಬೇಕಲ್ವಾ ಅನ್ನುವುದೇ ಚಿಂತೆ.

ಕಾನೂನು ಇಲ್ಲವೇ ಅಂತ ಕೇಳಬಹುದು. ಇದೆ. ಮನೆ, ಫ್ಲ್ಯಾಟು ಕಟ್ಟಿ ಮಾರುವ ಬಿಲ್ಡರುಗಳಿಗೆ ಲಗಾಮು ಹಾಕುವ 2016ರ ರೇರಾ ಕಾಯ್ದೆ ತಂದವರು ಬಹಳ ದೂರದೃಷ್ಟಿಯವರು. ಮಾರಾಟದ ಗೊಡವೆ ಇಲ್ಲದ ರಿಪೇರಿ, ನವೀಕರಣ ತಮ್ಮ ಲೆಕ್ಕಕ್ಕೆ ಬರುವುದಿಲ್ಲ ಅಂತ ಮೊದಲೇ ಬರೆದಿಟ್ಟಿದ್ದಾರೆ. ಗ್ರಾಹಕರ ಆಯೋಗಕ್ಕೆ ಹೋಗಬಹುದು, ಮನೆ ಕಟ್ಟುವುದೂ ‘ಸೇವೆ’ ಅಂತ ಗ್ರಾಹಕ ಕಾಯ್ದೆ ಹೇಳುತ್ತದೆ. ಸೇವೆ! ನಾಯಿಮರಿಗಳಿಗೆ ಓದಿ ಹೇಳಬೇಕು ಅನ್ನಿಸಿತು. ವಕೀಲರು ಒಪ್ಪಂದ ಪತ್ರ ತನ್ನಿ ಅಂದರು. ಲಗ್ನಪತ್ರಿಕೆ ಕೊಟ್ಟೆ. ತಿರುಗಿಸಿ ನೋಡದೆ, ‘ಖಂಡಿತ ಬರ್ತೀನಿ’ ಅಂದರು.

ಮನಸ್ಸಿಗೆ ಜಾಸ್ತಿ ಬೇಜಾರಾದಾಗ ನಮ್ಮ ಬೆಂಗಳೂರಿನದೇ ಈಜಿಪುರಕ್ಕೆ ಹೋಗಿ ಬರುತ್ತಿದ್ದೆ. ಅಲ್ಲಿನ ಮೇಲ್ಸೇತುವೆ ಶುರುವಾದದ್ದು 2017ರಲ್ಲಿ. ಉದ್ದ ಸುಮಾರು ಎರಡೂವರೆ ಕಿಲೋಮೀಟರ್. 2019ಕ್ಕೆ ಮುಗಿಯಬೇಕಿತ್ತು. 2022ರಲ್ಲಿ ಮೊದಲ ಗುತ್ತಿಗೆ ರದ್ದಾಯಿತು, ಆಮೇಲೆ ಇನ್ನೊಬ್ಬರ ಕೈಗೆ ಹೋಯಿತು. ಪಾಲಿಕೆಯ ಹತ್ತಿರ ಇಂಜಿನಿಯರುಗಳಿದ್ದಾರೆ, ವಕೀಲರಿದ್ದಾರೆ, ಟೆಂಡರ್ ಇದೆ, ದಂಡದ ಷರತ್ತಿದೆ. ಅವರಿಗೇ ಈ ಗತಿ. ನನ್ನ ಹತ್ತಿರ ಇರುವುದು ಒಂದು ಲಗ್ನಪತ್ರಿಕೆ. ಆ ಕಂಬಗಳ ಕೆಳಗೆ ಐದು ನಿಮಿಷ ನಿಂತರೆ ಎದೆ ಹಗುರ. ಸೆಪ್ಟೆಂಬರಿನಲ್ಲಿ ಆ ಪಾಲಿಕೆಯೇ ಒಡೆದು ಐದಾಯಿತು. ಹೇಳಿದೆನಲ್ಲ, ಒಡೆಯುವ ಕೆಲಸ ತಡವಾಗುವುದಿಲ್ಲ.

ಆಯುಧಪೂಜೆಗೆ ಎರಡು ದಿನ ಇದೆ ಅನ್ನುವಾಗ ಕಾಂಟ್ರಾಕ್ಟರ್ ಮನೆಗೇ ಬಂದ. ನಾನು ಕರೆದಿರಲಿಲ್ಲ. ಹಳೇ ಮನೆಯಲ್ವಾ ಸಾರ್, ಒಡೆದ ಮೇಲೇ ಒಳಗಿನ ಸ್ಥಿತಿ ಗೊತ್ತಾಗೋದು, ಎಕ್ಸ್ಟ್ರಾ ಆಗತ್ತೆ, ಹಬ್ಬಕ್ಕೆ ಹುಡುಗರಿಗೆ ಕೊಡಬೇಕು, ಎರಡನೇ ಕಂತು ಕೊಟ್ಟುಬಿಡಿ ಅಂದ. ಇಷ್ಟು ತಿಂಗಳು ಕೇಳಿಸಿಕೊಂಡಿದ್ದ ಮಾತನ್ನು ಒಂದು ಸಲ ನಾನೂ ಹೇಳಿ ನೋಡೋಣ ಅನ್ನಿಸಿತು.

‘ನಾಳೆ ಬನ್ನಿ’ ಅಂದೆ.

ಮರುದಿನ ಬೆಳಗ್ಗೆ ಆರೂವರೆಗೆ ಗೇಟು ಸದ್ದಾಯಿತು. ಹಾಲಿನವನು ಇನ್ನೂ ಬಂದಿರಲಿಲ್ಲ.