ಸ್ಪಷ್ಟನೆ: ‘ಓಮಿಕ್ರಾನ್’ ವಿಡಿಯೊ ಆಟದ ಉಚಿತ ಕೊಡುಗೆ 2016ರದ್ದು

‘ಗಾಯಕ ಡೇವಿಡ್ ಬೋವಿ ನಿರ್ದೇಶಿಸಿದ ಓಮಿಕ್ರಾನ್: ದಿ ನೋಮಾಡ್ ಸೋಲ್ ಆಟ ಈ ವಾರ ಉಚಿತ’ ಎಂಬ ಸಂದೇಶವು ಕಲಬುರಗಿಯ ಕಾಲೇಜು ವಿದ್ಯಾರ್ಥಿಗಳ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಹರಿದಾಡುತ್ತಿದ್ದು, ಪರಿಶೀಲಿಸದೆ ನಾನೂ ಅದನ್ನು ಹಂಚಿಕೊಂಡಿದ್ದೆ. ಅದರ ಎರಡೂ ಮಾತುಗಳು ತಪ್ಪು. ಬೋವಿ ನಿಧನರಾದ 2016ರ ಜನವರಿಯಲ್ಲಿ ಸ್ಕ್ವೇರ್ ಎನಿಕ್ಸ್ ಸಂಸ್ಥೆಯು ಅವರ ಸ್ಮರಣಾರ್ಥ ಆ ತಿಂಗಳ 22ರವರೆಗೆ ಮಾತ್ರ ಆಟವನ್ನು ಉಚಿತವಾಗಿ ನೀಡಿತ್ತು. ಸಾಹಸ, ಕೈಕಾಳಗ, ಗುಂಡಿನ ಕಾಳಗಗಳನ್ನು ಒಂದು ದಮನಕಾರಿ ನಗರದೊಳಗೆ ಬೆರೆಸಿದ, ನನ್ನ ಮಟ್ಟಿಗೆ ಕಾಲಕ್ಕಿಂತ ಮುಂದಿದ್ದ, 1999ರ ಈ ಆಟವನ್ನು ರೂಪಿಸಿದ್ದು ಪ್ಯಾರಿಸ್‌ನ ಕ್ವಾಂಟಿಕ್ ಡ್ರೀಮ್ ಸಂಸ್ಥೆ. ನಿರ್ದೇಶಕರು ಡೇವಿಡ್ ಕೇಜ್ ಎಂದು ಆಟದ ಶ್ರೇಯಪಟ್ಟಿಯಲ್ಲೇ ಇದೆ. ಬೋವಿ ಸಂಗೀತ ನೀಡಿ, ಬಾಜ್ ಎಂಬ ಪಾತ್ರವಾಗಿ ಕಾಣಿಸಿಕೊಂಡಿದ್ದಾರೆ. ದಯವಿಟ್ಟು ಆ ಸಂದೇಶವನ್ನು ಇನ್ನು ಮುಂದೆ ಯಾರಿಗೂ ಕಳುಹಿಸಬೇಡಿ.