ಕೂರ್ಗ್ ಸ್ಪೆಷಲ್ ಕಾಕ್‌ಟೇಲ್ ಮನೆಯಲ್ಲೇ ಮಾಡುವ ವಿಧಾನ

ಕೂರ್ಗ್ ಸ್ಪೆಷಲ್ ಕಾಕ್‌ಟೇಲಿಗೆ ಮೊದಲು ಬೇಕಾಗಿರುವುದು ಹೆಸರು. ಗ್ಲಾಸು, ಐಸು, ಎಣ್ಣೆ ಎಲ್ಲ ಆಮೇಲೆ. ನಮ್ಮ ಜಿಲ್ಲೆಯ ಯಾವುದಾದರೂ ರೆಸಾರ್ಟಿನ ಮೆನು ಕಾರ್ಡ್ ತೆರೆದು ನೋಡಿ. ರಾಜಾಸೀಟ್ ಸನ್‌ಸೆಟ್, ಅಬ್ಬಿ ಫಾಲ್ಸ್ ಫಿಜ್, ಮಡಿಕೇರಿ ಮಿಸ್ಟ್ ಅಂತ ಸಾಲಾಗಿ ಇರುತ್ತವೆ. ರಸ್ತೆ ಬದಿಯ ಪ್ರವಾಸಿ ತಾಣಗಳ ಬೋರ್ಡನ್ನೇ ಕಿತ್ತು ತಂದು ಬಾರ್ ಕೌಂಟರಿಗೆ ಒರಗಿಸಿದ್ದಾರೋ ಏನೋ. ಒಂದು ಗ್ಲಾಸಿಗೆ 600 ರೂಪಾಯಿ ಅಂದರೆ ಅಗ್ಗವೇ ಅಂದುಕೊಳ್ಳಿ.

ಮಡಿಕೇರಿ ಮಿಸ್ಟನ್ನೇ ತಗೊಳ್ಳಿ. ಮಡಿಕೇರಿಯ ಮಂಜು ಬೆಳ್ಳಗಿರುತ್ತದೆ, ಇದು ಇಲ್ಲಿ ಹುಟ್ಟಿದ ಮಗುವಿಗೂ ಗೊತ್ತು. ಗ್ಲಾಸಿನಲ್ಲಿ ಬರುವುದು ಮಾತ್ರ ಬಿಳಿ ಬಟ್ಟೆಗೆ ಹಾಕುವ ನೀಲಿಯ ಬಣ್ಣ. ಅದು ಬ್ಲೂ ಕುರಸಾವ್ ಎಂಬ ಲಿಕ್ಯೂರಿನ, ಅಂದರೆ ಘಮ ಸೇರಿಸಿದ ಸಿಹಿ ಮದ್ಯದ ಮಹಿಮೆ. ಕೆರಿಬಿಯನ್ ಸಮುದ್ರದಲ್ಲಿ ಕುರಸಾವ್ ಅಂತ ಒಂದು ದ್ವೀಪ ಇದೆ. ಸ್ಪೇನಿನವರು ಅಲ್ಲಿ ಕಿತ್ತಳೆ ಗಿಡ ನೆಟ್ಟರು. ಆ ಒಣ ಮಣ್ಣಿಗೆ ಹಣ್ಣು ಕಹಿಯಾಯಿತು, ತಿನ್ನೋಕಾಗಲಿಲ್ಲ, ಆದರೆ ಸಿಪ್ಪೆಯಲ್ಲಿ ಘಮ ಉಳಿದಿತ್ತು. ಆ ಸಿಪ್ಪೆ ಒಣಗಿಸಿ ಮಾಡಿದ ಲಿಕ್ಯೂರೇ ಇದು. ಅಸಲಿಗೆ ಅದಕ್ಕೆ ಬಣ್ಣವೂ ಇಲ್ಲ, ನೀಲಿ ಆಮೇಲೆ ಸುರಿದದ್ದು. ಅಂದರೆ ಕಿತ್ತಳೆಗೇ ಹೆಸರಾದ ಊರಿಗೆ, ಎಲ್ಲಿಂದಲೋ ತಿನ್ನಲಾಗದ ಕಿತ್ತಳೆಯ ಸಿಪ್ಪೆಯ ಸಾರವನ್ನು ನೀಲಿ ಬಳಿದು ತಂದು, ಅದಕ್ಕೆ ನಮ್ಮ ಮಂಜಿನ ಹೆಸರಿಟ್ಟು, ನಮಗೇ ಬಿಲ್ ಕೊಡುತ್ತಾರೆ. ಟಿಪ್ಸ್ ಬೇರೆ.

ಕೊಡಗಿನ ಕಿತ್ತಳೆಗೆ ಜಿಐ ಮಾನ್ಯತೆ (ಇದು ಇಂಥ ಊರಿನದೇ ಅನ್ನುವ ಸರ್ಕಾರಿ ಗುರುತು) ಸಿಕ್ಕಿ ಎಷ್ಟೋ ವರ್ಷ ಆಯಿತು. ಚೆಟ್ಟಳ್ಳಿಯ ತೋಟಗಾರಿಕೆ ಪ್ರಯೋಗ ಕೇಂದ್ರದಲ್ಲಿ ವಿಜ್ಞಾನಿಗಳು ಈ ಗಿಡದ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದ್ದಾರೆ. ಇಷ್ಟಾದರೂ ಬಾರಿನಲ್ಲಿ ಸ್ಕ್ರೂಡ್ರೈವರ್ ಅನ್ನುವ ಕಿತ್ತಳೆ ರಸದ ಕಾಕ್‌ಟೇಲ್ ಕೇಳಿದರೆ ಹುಡುಗ ಫ್ರಿಜ್ಜಿನಿಂದ ತೆಗೆಯುವುದು ಪ್ಯಾಕೆಟ್ ಜ್ಯೂಸು. ಮನೆಯಲ್ಲಿ ಮಾಡುವವರಿಗೆ ಇದರಷ್ಟು ಸುಲಭದ್ದು ಬೇರೆ ಇಲ್ಲ. ಐಸ್ ತುಂಬಿದ ಉದ್ದ ಗ್ಲಾಸಿಗೆ 50 ಎಂಎಲ್ ವೋಡ್ಕಾ, 100 ಎಂಎಲ್ ಕಿತ್ತಳೆ ರಸ, ಮುಗೀತು. ನಮ್ಮ ಹಣ್ಣಿನ ಸಿಪ್ಪೆ ಸಡಿಲ, ಬೆರಳು ಹಾಕಿದರೆ ಬಿಟ್ಟುಕೊಳ್ಳುತ್ತದೆ, ಅದಕ್ಕೆ ಬಾರ್‌ಟೆಂಡರ್ ಕೋರ್ಸ್ ಬೇಕಿಲ್ಲ.

ಈಗ ಹೊಗೆಯ ವಿಷಯ. ಇದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು.

1806ರಲ್ಲಿ ಅಮೆರಿಕದ ಪತ್ರಿಕೆಯೊಂದು ಕಾಕ್‌ಟೇಲ್ ಅಂದರೆ ಮದ್ಯ, ಸಕ್ಕರೆ, ನೀರು, ಬಿಟರ್ಸ್ (ಗಿಡಮೂಲಿಕೆಗಳ ಕಹಿ ಸಾರ), ಇಷ್ಟೇ ಅಂತ ಬರೆದಿತ್ತು. ಓಲ್ಡ್ ಫ್ಯಾಶನ್ಡ್ ಅನ್ನುವ ಕಾಕ್‌ಟೇಲ್ ಇವತ್ತಿಗೂ ಅದೇ. 45 ಎಂಎಲ್ ವಿಸ್ಕಿ, ಒಂದು ಸಕ್ಕರೆ ಅಚ್ಚು, ಎರಡು ಮೂರು ಹನಿ ಬಿಟರ್ಸ್, ಚೂರು ನೀರು, ಒಂದು ದಪ್ಪ ಐಸು, ಮೇಲೊಂದು ಕಿತ್ತಳೆ ಸಿಪ್ಪೆ. ಇದರಲ್ಲಿ ಹೊಗೆ ಎಲ್ಲಿದೆ ಹೇಳಿ? ಆದರೆ ರೆಸಾರ್ಟಿನಲ್ಲಿ ಅದು ಸ್ಮೋಕ್ಡ್ ಆಗಿಯೇ ಬರಬೇಕು. ಗಾಜಿನ ಗುಮ್ಮಟದೊಳಗೆ ಗ್ಲಾಸಿಟ್ಟು, ಚಿಕ್ಕದೊಂದು ಗನ್ನಿಗೆ ಮರದ ಪುಡಿ ತುಂಬಿ ಹೊಗೆ ಊದುತ್ತಾರೆ. ಗುಮ್ಮಟ ಎತ್ತಿದ ಕೂಡಲೇ ಬೆಂಗಳೂರಿನಿಂದ ಬಂದವರು ಮೊಬೈಲ್ ಹಿಡಿದು ವಾವ್ ಅನ್ನುತ್ತಾರೆ. ನಮ್ಮ ಅಜ್ಜಿಯಂದಿರು ಸೌದೆ ಒಲೆ ಮುಂದೆ ಕೂತು ಜೀವನವಿಡೀ ಇದೇ ಹೊಗೆ ಕುಡಿದರು, ಕಣ್ಣು ಕೆಂಪಗೆ ಮಾಡಿಕೊಂಡರು, ಒಲೆ ಮೇಲೆ ತೂಗುಹಾಕಿದ ಹಂದಿ ಮಾಂಸವೂ ಅವರ ಜೊತೆ ಕಪ್ಪಾಯಿತು, ಯಾರೂ ವಾವ್ ಅನ್ನಲಿಲ್ಲ. ಹೊಗೆ ಕುಡಿಯಬೇಡಿ ತಾಯಂದಿರೇ ಅಂತ ಸರ್ಕಾರ 2016ರಲ್ಲಿ ಉಜ್ವಲ ಯೋಜನೆ ತಂದು ಬಡ ಮನೆಗಳಿಗೆ ಗ್ಯಾಸ್ ಕೊಟ್ಟಿತು. ಈಗ ಅದೇ ಹೊಗೆಯನ್ನು ಅದೇ ಊರಿನಲ್ಲಿ ಗ್ಲಾಸಿನ ಲೆಕ್ಕದಲ್ಲಿ ಮಾರುತ್ತಿದ್ದಾರೆ. ಮನೆಯಲ್ಲಿ ಮಾಡುವುದಾದರೆ ಗನ್ನು ಗಿನ್ನು ತರಿಸಬೇಡಿ. ಬಚ್ಚಲ ಒಲೆ ಇನ್ನೂ ಉರಿಯುತ್ತಿದೆ ಅಲ್ವಾ, ಅದರ ಮುಂದೆ ಗ್ಲಾಸ್ ಬೋರಲು ಹಿಡಿಯಿರಿ, ಸಾಕು.

ಕಾಫಿಯದ್ದು ಇನ್ನೊಂದು ಕತೆ. ದೇಶದ ಕಾಫಿಯಲ್ಲಿ ಸುಮಾರು ಮೂರನೇ ಒಂದು ಪಾಲು ಕೊಡಗಿನದು. ರೆಸಾರ್ಟಿನ ಕಿಟಕಿ ತೆರೆದರೆ ರೊಬಸ್ಟಾ ಕಾಫಿ ಗಿಡ ಕೈಗೆ ತಾಗುತ್ತದೆ. ಕೋಣೆಯ ಕೆಟಲ್ ಪಕ್ಕದಲ್ಲಿ ಇನ್‌ಸ್ಟಂಟ್ ಕಾಫಿಯ ಸ್ಯಾಶೆ! ಬಾರಿನಲ್ಲಿ ಎಸ್ಪ್ರೆಸೊ ಮಾರ್ಟಿನಿ ಅನ್ನುವ ಕಾಫಿ ಕಾಕ್‌ಟೇಲ್ ಕೇಳಿದರೆ ಕಾಫಿ ಲಿಕ್ಯೂರ್ ವಿಮಾನದಲ್ಲಿ ಬಂದದ್ದು ಅಂತ ಹೆಮ್ಮೆಯಿಂದ ಬಾಟಲಿ ತೋರಿಸುತ್ತಾರೆ. 1980ರ ದಶಕದಲ್ಲಿ ಲಂಡನ್ನಿನ ಬಾರ್‌ಟೆಂಡರ್ ಡಿಕ್ ಬ್ರ್ಯಾಡ್ಸೆಲ್ ಇದನ್ನು ಶುರು ಮಾಡಿದಾಗ ಅವರ ಬಾರಿನ ಹಿತ್ತಲಲ್ಲಿ ಕಾಫಿ ತೋಟ ಇರಲಿಲ್ಲ, ಅವರನ್ನು ಬಿಟ್ಟುಬಿಡೋಣ. ನಮಗೇನಾಗಿದೆ? ಸ್ವಲ್ಪ ರಮ್ಮಿಗೆ ಕಾಫಿ ಪುಡಿ, ಸಕ್ಕರೆ ಪಾಕ ಹಾಕಿ ರಾತ್ರಿಯಿಡೀ ಮುಚ್ಚಿಟ್ಟು, ಬೆಳಿಗ್ಗೆ ಬಟ್ಟೆಯಲ್ಲಿ ಸೋಸಿದರೆ ಮನೆಯ ಮಟ್ಟಿಗೆ ಲಿಕ್ಯೂರ್ ರೆಡಿ. ಅದರದ್ದು 30 ಎಂಎಲ್, ವೋಡ್ಕಾ 50, ಗಟ್ಟಿ ಡಿಕಾಕ್ಷನ್ 30, ಸಕ್ಕರೆ ಪಾಕ 10. ಐಸಿನ ಜೊತೆ ಬಿಗಿ ಮುಚ್ಚಳದ ಉಪ್ಪಿನಕಾಯಿ ಬಾಟಲಿಗೆ ಹಾಕಿ (ತೊಳೆದ ಬಾಟಲಿ ಮಾರಾಯ್ರೆ) ತೋಳು ನೋಯುವ ತನಕ ಕುಲುಕಿ. ಡಿಕಾಕ್ಷನ್ ತಣ್ಣಗಿರಲಿ, ಬಿಸಿ ಹಾಕಿದರೆ ಐಸ್ ಕರಗಿ ನೀರಾಗುತ್ತದೆ.

ಐಸ್ ಅಂದೆನಲ್ಲ, ಅಲ್ಲೇ ಬಂತು ತಾಪತ್ರಯ. ವಿಡಿಯೋದವರು ಗಾಜಿನಂಥ ಐಸ್ ಬೇಕು, ನೀರು ಕುದಿಸಿ ಆರಿಸಿ ಫ್ರೀಜರಿನಲ್ಲಿ ಇಡೀ ದಿನ ಇಡಿ ಅನ್ನುತ್ತಾರೆ. ಜುಲೈಯಲ್ಲಿ ಒಂದು ವಾರ ಬಂದು ನಮ್ಮಲ್ಲಿ ಇರಲಿ ನೋಡೋಣ. ಮರ ಬಿದ್ದರೆ ಕರೆಂಟ್ ಹೋಯಿತು, ಇನ್ನು ಬಂದಾಗ ಬಂತು. ಫ್ರೀಜರಿನಲ್ಲಿ ಐಸ್ ಬಿಡಿ, ಮೀನೇ ಬೆವರುತ್ತಿರುತ್ತದೆ.

ಅದಕ್ಕೇ ನಮ್ಮ ಹಳಬರು ಐಸಿನ ತಂಟೆಗೆ ಹೋಗಲಿಲ್ಲ. ಮಿಲಿಟರಿಯಲ್ಲಿದ್ದು ಬಂದ ಮಾವ ಯಾರ ಮನೆಯಲ್ಲೂ ಒಬ್ಬರು ಇದ್ದೇ ಇರುತ್ತಾರೆ. ಬೀರುವಿನಲ್ಲಿ ಕ್ಯಾಂಟೀನ್ ರಮ್ಮು, ಬೀಗದ ಕೀ ಜೇಬಿನಲ್ಲಿ. ಮೊನ್ನೆ ಅಂಥ ಒಬ್ಬ ಮಾವನಿಗೆ ಅಳಿಯ ಮೊಬೈಲ್ ತೋರಿಸಿ ಕೇಳಿದ.

"ಮಾವ, ಮೊಜಿಟೊ ಮಾಡ್ಲಾ?"

"ಏನೇನು ಹಾಕ್ತೀಯ ಅದಕ್ಕೆ?"

"ರಮ್ಮು, ಪುದೀನ, ನಿಂಬೆಹುಳಿ, ಸಕ್ಕರೆ, ಸೋಡಾ."

"ಪುದೀನ ಚಟ್ನಿಗೆ ರಮ್ಮು ಯಾಕೋ ಹಾಳು ಮಾಡ್ತೀಯ?"

ಮಾವ ತಮ್ಮದನ್ನು ತಾವೇ ಮಾಡಿಕೊಂಡರು. 60 ಎಂಎಲ್ ರಮ್, ಒಂದು ಚಮಚ ಜೇನು, ಅರ್ಧ ನಿಂಬೆಯ ರಸ, ಜಜ್ಜಿದ ಏಲಕ್ಕಿ ಒಂದು, ಕರಿಮೆಣಸು ನಾಲ್ಕು, ಮೇಲೆ ಕುದಿಯುವ ನೀರು. ಇದಕ್ಕೆ ಹೊರಗಡೆ ಹಾಟ್ ಟಾಡಿ ಅನ್ನುತ್ತಾರೆ. ಮಾವ ಶೀತದ ಔಷಧಿ ಅನ್ನುತ್ತಾರೆ, ಶೀತ ಇಲ್ಲದಿದ್ದರೆ ಬರದಿರಲಿ ಅಂತ ತಗೊಳ್ಳುತ್ತಾರೆ.

ಇನ್ನು ಹೋಮ್‌ಮೇಡ್ ವೈನ್. ಕುಶಾಲನಗರ ದಾಟಿದರೆ ಸಾಕು, ಚಾಕೊಲೇಟು, ಜೇನು, ಮಸಾಲೆಯ ಜೊತೆ ಅದೂ ಅಂಗಡಿ ತುಂಬಾ ಇರುತ್ತದೆ. ದ್ರಾಕ್ಷಿ, ನೆಲ್ಲಿಕಾಯಿ, ಶುಂಠಿ, ವೀಳ್ಯದೆಲೆ, ಗಾಂಧಾರಿ ಮೆಣಸು. ಬೇಲಿಯಲ್ಲಿ ಬೆಳೆಯುವ ಯಾವುದನ್ನೂ ಬಿಟ್ಟಿಲ್ಲ. 1965ರ ಕರ್ನಾಟಕ ಅಬಕಾರಿ ಕಾಯ್ದೆ ಪ್ರಕಾರ ಲೈಸೆನ್ಸ್ ಇಲ್ಲದೆ ಮದ್ಯ ಮಾರುವ ಹಾಗಿಲ್ಲ. ಹಾಗಾಗಿ ಲೈಸೆನ್ಸ್ ಇಲ್ಲದ ಕೌಂಟರಿನಲ್ಲಿ ಒಂದೇ ಬಾಟಲಿಗೆ ಎರಡು ಉತ್ತರ ರೆಡಿ ಇಟ್ಟುಕೊಂಡಿರುತ್ತಾರೆ. ಪ್ರವಾಸಿ ಕೇಳಿದರೆ "ಒಳ್ಳೆ ಕಿಕ್ ಇದೆ ಸಾರ್". ಅಬಕಾರಿಯವರು ಕೇಳಿದರೆ "ಬರೀ ಜ್ಯೂಸು ಸಾರ್". ಪಾಪ, ಬಾಟಲಿಯೊಳಗಿನ ಈಸ್ಟಿಗೆ ಕಾಯ್ದೆ ಓದೋಕೆ ಬರಲ್ಲ. ಅದು ಸಕ್ಕರೆ ಕಂಡರೆ ತಿನ್ನುತ್ತದೆ, ಮದ್ಯ ಬಿಡುತ್ತದೆ, ಒಮ್ಮೊಮ್ಮೆ ವಾಪಸ್ ಹೋಗುವ ಕಾರಿನ ಡಿಕ್ಕಿಯಲ್ಲಿ ಮುಚ್ಚಳವನ್ನೂ ಹಾರಿಸುತ್ತದೆ. ಅಷ್ಟರಲ್ಲಿ ಗಾಡಿ ಮೈಸೂರು ದಾಟಿರುತ್ತದೆ, ಯಾರನ್ನು ಕೇಳುತ್ತೀರಿ?

ಕೊನೆಗೆ ಒಂದು ನಿಜವಾದ ಕೊಡಗಿನದ್ದು ಹೇಳುತ್ತೇನೆ, ಮೆನುವಿನಲ್ಲಿ ಸಿಗಲ್ಲ. ಕಾಚಂಪುಳಿ ಗೊತ್ತಲ್ಲ? ಮಳೆಗಾಲದಲ್ಲಿ ಬೀಳುವ ಹಣ್ಣನ್ನು ಬುಟ್ಟಿಯಲ್ಲಿ ಪೇರಿಸಿಟ್ಟು, ಸೋರಿದ ರಸವನ್ನು ಟಾರಿನ ಹಾಗೆ ಕಪ್ಪಗಾಗುವ ತನಕ ಕುದಿಸಿದ ಹುಳಿ. ಉದ್ದ ಗ್ಲಾಸಿಗೆ 60 ಎಂಎಲ್ ರಮ್, ಎರಡು ಚಮಚ ಜೇನು, ಕಾಲು ಚಮಚ ಕಾಚಂಪುಳಿ ಹಾಕಿ ಚೆನ್ನಾಗಿ ಕಲಸಿ, ಆಮೇಲೆ ಸೋಡಾ. ಕಾಲು ಚಮಚ ಅಂದರೆ ಕಾಲೇ ಚಮಚ, ಕೈ ಅಳತೆ ಬೇಡ, ಹಲ್ಲು ಜುಂ ಅನ್ನುತ್ತದೆ. ಜಾಸ್ತಿ ಬಿದ್ದರೆ ಚೆಲ್ಲಬೇಡಿ, ಸೋಡಾ ಹಾಕುವ ಮೊದಲೇ ಒಯ್ದು ಒಲೆ ಮೇಲಿರುವ ಪಂದಿ ಕರಿಗೆ ಸುರಿದುಬಿಡಿ. ರಮ್ಮು ಬಿತ್ತು ಅಂತ ಹಂದಿ ತಕರಾರು ಮಾಡಲ್ಲ, ಮಾವನಿಗೆ ಮಾತ್ರ ಹೇಳಬೇಡಿ.